ದಿನದ್ದು ದಿನ ಬೀಸಿದ್ದು

ಆರು ಗಂಟೆಗೆ ಅಡುಗೆಮನೆಯಲ್ಲಿ ಗಿರಣಿ ತಿರುಗಲಿಲ್ಲ. ಅದಕ್ಕೇ ಎಚ್ಚರವಾಯಿತು.

ಬಂದವರೆಲ್ಲ ಹಿಂದಿನ ದಿನ ಅಂತ್ಯಕ್ರಿಯೆ ಮುಗಿಸಿ ಸಂಜೆಯೊಳಗೆ ಹೊರಟುಹೋಗಿದ್ದರು. ತೊಳೆದ ಲೋಟಗಳು ಬಟ್ಟೆಯ ಮೇಲೆ ಬೋರಲಾಗಿದ್ದವು. ನಮ್ಮ ಮನೆಯಲ್ಲಿ ಅಷ್ಟು ಲೋಟಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಗಿರಣಿ ಕಟ್ಟೆಯ ಮೂಲೆಯಲ್ಲಿತ್ತು. ಹಿಡಿಕೆ ಅವನು ಬಿಟ್ಟಲ್ಲೇ, ಗೋಡೆಯ ಕಡೆಗೆ ತಿರುಗಿ ನಿಂತಿತ್ತು.

ಹನ್ನೊಂದು ತಿಂಗಳಿಂದ ದಿನಾ ಬೆಳಿಗ್ಗೆ ನನ್ನ ಗಂಡ ಅದನ್ನು ತಿರುವುತ್ತಿದ್ದ. ಕಬ್ಬಿಣದ ಚಿಕ್ಕ ಕೈಗಿರಣಿ, ಕೆಳಗೆ ಪುಡಿ ಬೀಳಲು ಮರದ ಖಾನೆ. ಒಂದು ಹಿಡಿ ಅಕ್ರೋಟು, ಎರಡು ಚಮಚ ಅಗಸೆ ಬೀಜ, ಒಂದಿಷ್ಟು ಕುಂಬಳಬೀಜ. ಅಕ್ರೋಟಿನ ಎಣ್ಣೆ ಗಿರಣಿಗೆ ಮೆತ್ತಿಕೊಳ್ಳದಿರಲೆಂದು ಅಗಸೆಯ ಜೊತೆ ಬೆರೆಸಿ ಹಾಕುತ್ತಿದ್ದ. ಆ ಪುಡಿಯನ್ನು ಬಿಸಿ ಗಂಜಿಯ ಮೇಲೆ ಉದುರಿಸಿ ತನ್ನ ಅಮ್ಮನ ಮುಂದಿಡುತ್ತಿದ್ದ. ಅವರಿಗೆ ಮರೆವು ಶುರುವಾಗಿತ್ತು. ಅದಕ್ಕೆ ಈಗಲೇ ಒಂದು ಹೆಸರಿಡುವುದು ಬೇಡ ಎಂದು ಡಾಕ್ಟರು ಹೇಳಿದ್ದರು.

ಅತ್ತೆ ಆಗಲೇ ಮೇಜಿನ ಮುಂದೆ ಕೂತಿದ್ದರು. ತಲೆ ಬಾಚಿ, ಸ್ವೆಟರಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಚಮಚವನ್ನು ಬಲಗಡೆ ನೇರವಾಗಿ ಇಟ್ಟುಕೊಂಡು ಬಟ್ಟಲಿಗಾಗಿ ಕಾಯುತ್ತಿದ್ದರು.

"ಅವನೆಲ್ಲಿ?" ಎಂದರು.

"ಬೇಗ ಹೋದ ಅತ್ತೆ. ಕೆಲಸ ಇತ್ತು."

ಆ ಸುಳ್ಳನ್ನು ನನ್ನ ಬಾಯಿಗೆ ಹಾಕಿಕೊಟ್ಟವರು ಅತ್ತಿಗೆ, ಅವನ ಅಕ್ಕ. ಸುದ್ದಿ ಬಂದ ದಿನವೇ ಅವರು ಅತ್ತೆಯನ್ನು ತಮ್ಮ ಮನೆಗೆ ಕರೆದೊಯ್ದಿದ್ದರು. ಇಲ್ಲಿ ಗೋಡೆಗೆ ಬಣ್ಣ ಹೊಡೆಸುತ್ತಿದ್ದಾರೆ, ವಾಸನೆ ನಿನಗೆ ಆಗುವುದಿಲ್ಲ ಎಂದು ಹೇಳಿದ್ದರು. ನಾಲ್ಕು ದಿನದ ನಂತರ ಎಲ್ಲ ಮುಗಿದ ಮೇಲೆ ತಂದು ಬಿಟ್ಟರು. ಬಾಗಿಲಲ್ಲಿ ನನ್ನ ಕೈ ಹಿಡಿದು, ಹೇಳಿದರೂ ಅಮ್ಮ ಮರೆಯುತ್ತಾಳೆ, ಮತ್ತೆ ಕೇಳುತ್ತಾಳೆ, ದಿನಾ ಅವಳನ್ನು ಸಾಯಿಸಬೇಡ ಎಂದರು. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ನನಗೆ ಸರಿ ಎನಿಸುತ್ತಿತ್ತು.

ಅವನು ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಅವನ ಓದೆಲ್ಲ ಕೆಲಸದ ಮೇಜಿನ ಮೇಲೇ ಆದದ್ದು. ಹಾಗಾಗಿ ಹರಿದ ಪುಸ್ತಕಗಳನ್ನೇ ಓದಿದವನು. ಯಾವ ಕಥೆಯ ಕೊನೆಯೂ ಅವನಿಗೆ ಗೊತ್ತಿರುತ್ತಿರಲಿಲ್ಲ. ಮೆದುಳಿಗೆ ಯಾವ ಆಹಾರ ಒಳ್ಳೆಯದು ಎಂಬ ಪುಸ್ತಕವೂ ಹಾಗೇ ಅವನ ಕೈಗೆ ಬಂದಿತ್ತು, ಕೊನೆಯ ಮೂರು ಅಧ್ಯಾಯ ಕಳೆದುಕೊಂಡು. ಉಳಿದದ್ದನ್ನು ನನ್ನನ್ನು ಕೇಳಿ ತುಂಬಿಸಿಕೊಂಡ. ನಾನು ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಓದಿದವಳು. ಬೀಜ, ಸೊಪ್ಪು, ಮೀನು, ಕಡಿಮೆ ಸಕ್ಕರೆ, ನಡಿಗೆ, ನಿದ್ದೆ, ನಾಲ್ಕು ಜನರ ಜೊತೆ ಮಾತು. ಇವುಗಳಿಂದ ಕೆಲವರ ಮೆದುಳು ಸ್ವಲ್ಪ ನಿಧಾನವಾಗಿ ಮುಪ್ಪಾಗಬಹುದು. ಹೋದದ್ದನ್ನು ಯಾವ ಬೀಜವೂ ತಂದುಕೊಡುವುದಿಲ್ಲ. ಹಾಗಂತ ಹೇಳಿದ್ದೆ.

"ಇದು ಔಷಧಿ ಅಲ್ಲ, ಬರೀ ಊಟ."

"ಊಟ ಅಂತಾದ್ರೂ ಒಪ್ಕೊಂಡೆಯಲ್ಲ ಮೂಗಮ್ಮ," ಎಂದಿದ್ದ.

ನನ್ನನ್ನು ಮೂಗಮ್ಮ ಎಂದು ಕರೆಯುತ್ತಿದ್ದದ್ದು ನನ್ನ ಕೆಲಸದಿಂದಾಗಿ. ನಾನು ಎಣ್ಣೆ ಗಿರಣಿಯ ಪ್ರಯೋಗಾಲಯದಲ್ಲಿದ್ದೇನೆ. ಎಣ್ಣೆ ಕೆಟ್ಟಿದೆಯೋ ಇಲ್ಲವೋ ಎಂದು ಮೊದಲು ಮೂಸಿ, ಆಮೇಲೆ ಅಳೆದು ಬರೆಯುವವಳು.

ಅವನು ಸತ್ತದ್ದು ಮೆದುಳಿನ ರಕ್ತನಾಳ ಒಡೆದು. ಬೈಂಡಿಂಗ್ ಕೋಣೆಯಲ್ಲಿ, ಅಂಟಿನ ಕುಂಚ ಕೈಯಲ್ಲಿದ್ದಾಗಲೇ. ಮೂವತ್ತೇಳು ವರ್ಷ. ಅಮ್ಮನಿಗೆ ಕೊಟ್ಟ ಪುಡಿಯನ್ನೇ ತಾನೂ ಎರಡು ಚಮಚ ತಿನ್ನುತ್ತಿದ್ದ. ಅತ್ತೆಯ ತಮ್ಮ ಮಣ್ಣು ಮಾಡಿ ವಾಪಸ್ಸು ಬರುವಾಗ ಕಾರಿನಲ್ಲಿ, ಮೆದುಳಿಗೆ ಅಷ್ಟೊಂದು ತಿನ್ನಿಸಿದನಲ್ಲ, ಒಳಗೆ ಜಾಗ ಸಾಲದೇ ಹೋಯಿತೇನೋ ಎಂದರು. ಎಂದವರು ಮರುಕ್ಷಣ ಕಿಟಕಿಗೆ ಹಣೆ ಹಚ್ಚಿ ಅತ್ತರು. ನನಗೆ ನಗು ಬಂದಿತ್ತು. ಅಳು ಮಾತ್ರ ಬಂದಿರಲಿಲ್ಲ.

ಆ ಮೊದಲ ಬೆಳಿಗ್ಗೆ ನಾನು ಗಂಜಿ ಕಾಯಿಸಿ, ಗಿರಣಿಗೆ ಬೀಜ ಹಾಕಿ ಹಿಡಿಕೆ ತಿರುವಿದೆ. ಅದೇ ಸದ್ದು. ಗರಗರ, ನಡುವೆ ಅಕ್ರೋಟಿನ ಚೂರು ಸಿಕ್ಕಿದಾಗ ಒಂದು ತೊದಲು, ಮತ್ತೆ ಗರಗರ. ಅಷ್ಟರಲ್ಲಿ ಪಡಸಾಲೆಗೆ ಹೋಗಿದ್ದ ಅತ್ತೆ ಅಲ್ಲಿಂದ, "ಬಂದೆಯೇನೋ?" ಎಂದು ಕೂಗಿದರು.

ಇದನ್ನು ಮತ್ತೊಂದು ಬೆಳಿಗ್ಗೆ ಕೇಳಲಾರೆ ಎನಿಸಿತು. ಡಬ್ಬಿಗಳಲ್ಲಿದ್ದ ಬೀಜಗಳನ್ನೆಲ್ಲ ತೆಗೆದು ಒಂದೇ ಸಲಕ್ಕೆ ಬೀಸಿ ಮುಗಿಸಿದೆ. ಹೆಚ್ಚೂ ಕಡಿಮೆ ಒಂದು ತಿಂಗಳಿಗಾಗುವಷ್ಟು. ದೊಡ್ಡ ಗಾಜಿನ ಭರಣಿಗೆ ತುಂಬಿ, ಬೇರೆಲ್ಲೂ ಜಾಗವಿಲ್ಲದೆ ಕಿಟಕಿಯ ಹಲಗೆಯ ಮೇಲಿಟ್ಟೆ. ಎಣ್ಣೆಬೀಜದ ಪುಡಿಯನ್ನು ಬೆಳಕಿನಲ್ಲಿ ಇಡಬಾರದು, ಇಟ್ಟರೆ ಬೇಗ ಕಮಟುತ್ತದೆ ಎಂದು ನನ್ನ ವರದಿಗಳಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ದಿನ ಅದು ತಲೆಗೆ ಬರಲೇ ಇಲ್ಲ.

ಗಂಜಿ ತಿನ್ನುತ್ತ ಅತ್ತೆ, "ಇವತ್ತು ಬೀದಿ ಕೇಳಲ್ವಾ?" ಎಂದರು.

ಅದೂ ಅವನದೇ ಕ್ರಮ. ಅತ್ತೆ ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವರು. ಗೋಡೆ ತುಂಬ ಮರದ ಗೂಡುಗಳು, ಒಂದೊಂದು ಗೂಡೂ ಒಂದೊಂದು ಬೀದಿಗೆ. ಅವನು ಬೀದಿ ಹೇಳಬೇಕು, ಅವರು ಗೂಡು ಹೇಳಬೇಕು. ಗಡಿಯಾರದ ಬೀದಿ? ಎರಡನೇ ಸಾಲು, ಐದನೇ ಗೂಡು. ಹಳೇ ಸೇತುವೆ ರಸ್ತೆ? ಆರನೇ ಸಾಲು, ಮೊದಲನೇದು. ತಪ್ಪಿದರೆ ಅವನು ಮೇಜು ತಟ್ಟಿ, ನಿನ್ನಿಂದ ಯಾರದೋ ಮದುವೆ ನಿಂತುಹೋಯ್ತು ಅಮ್ಮ, ಕಾಗದ ತಲುಪಲಿಲ್ಲ ಎನ್ನುತ್ತಿದ್ದ. ಅವರಿಗೆ ಸಿಟ್ಟು ಬರುತ್ತಿತ್ತು. ನಮ್ಮ ಕಾಲದಲ್ಲಿ ವಿಳಾಸ ಇರುವ ಕಾಗದ ರಾತ್ರಿ ಕಚೇರಿಯಲ್ಲಿ ಮಲಗುವ ಹಾಗಿರಲಿಲ್ಲ, ಗೊತ್ತಾ ಎನ್ನುತ್ತಿದ್ದರು. ಆ ಮಾತು ಮಾತ್ರ ಒಂದು ದಿನವೂ ಮರೆತದ್ದಿಲ್ಲ.

ನಾನು ಗಡಿಯಾರದ ಬೀದಿ ಕೇಳಿದೆ. ಅವರು ಸರಿಯಾಗಿ ಹೇಳಿದರು.

ಮೂರನೇ ದಿನ ಕೆಲಸಕ್ಕೆ ಹೋದೆ. ಪಕ್ಕದ ಮನೆಯ ನಿವೃತ್ತ ನರ್ಸ್ ಹಗಲು ಅತ್ತೆಯ ಜೊತೆ ಕೂರಲು ಒಪ್ಪಿದ್ದರು. ಪ್ರಯೋಗಾಲಯದ ಮೇಜಿನ ಮೇಲೆ ಆರು ಶೀಸೆಗಳು ಸಾಲಾಗಿ ನಿಂತಿದ್ದವು. ಮೊದಲನೆಯದರ ಮುಚ್ಚಳ ತೆಗೆದು ಮೂಸಿದೆ. ಏನೂ ಇಲ್ಲ. ಎರಡನೆಯದು, ಏನೂ ಇಲ್ಲ. ಆರೂ ಶೀಸೆ ನೀರಿನ ಹಾಗಿದ್ದವು. ಅಂಗೈಗೆ ಹಾಕಿ ತಿಕ್ಕಿ ಮೂಗಿಗೆ ಹಿಡಿದರೂ ಬೆಚ್ಚಗಿತ್ತು ಅಷ್ಟೇ.

ಬ್ಯುರೆಟ್ಟಿನ ಗಾಜುನಳಿಕೆಯಿಂದ ಹನಿಹನಿಯಾಗಿ ದ್ರವ ಬಿಟ್ಟು, ನೀಲಿ ಬಣ್ಣ ಹೋಗುವವರೆಗೆ ಕಾದು, ಅಂಕಿಗಳನ್ನಷ್ಟೇ ಬರೆದೆ. ನಮ್ಮ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತೇವೆ. ಅವರು ನನ್ನ ಹಿಂದೆ ಬಂದು ನಿಂತು, ವಾಸನೆಯ ಕಾಲಂ ಖಾಲಿ ಬಿಟ್ಟಿದ್ದೀಯಲ್ಲ ಎಂದು ಮೆಲ್ಲಗೆ ಕೇಳಿದರು. ನೆಗಡಿ ಎಂದೆ. ಅವರು ಶೀಸೆಗಳನ್ನು ಒಂದೊಂದಾಗಿ ಮೂಸಿ ತಾವೇ ಆ ಕಾಲಂ ತುಂಬಿದರು. ಮರುದಿನವೂ ತುಂಬಿದರು. ನೆಗಡಿ ಹೇಗಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ಅದೇ ವಾರ, ಗಂಜಿ ತಿನ್ನುತ್ತಿದ್ದ ಅತ್ತೆ ಚಮಚ ಎತ್ತಿ ಗೋಡೆಯತ್ತ ತೋರಿಸಿದರು.

"ಆ ಕಲೆ ಹಾಗೇ ಇದೆ."

ನಲ್ಲಿಯ ಮೇಲೆ ನೀರಿಳಿದು ಆದ ಕಂದು ಕಲೆ, ಒಂದು ಕಿವಿಯ ಆಕಾರದ್ದು. ವರ್ಷಗಳಿಂದ ಇತ್ತು.

"ಬಣ್ಣ ಹೊಡೆಸಿದ್ರಿ ಅಂದಿರಲ್ಲ. ಎಲ್ಲಿಗೆ ಹೊಡೆಸಿದ್ರಿ?"

ಮಹಡಿಯ ಕೋಣೆಗೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಿಂದು ಮುಗಿಸಿದರು. ಅವನು ಯಾವಾಗ ಬರ್ತಾನೆ ಎಂದು ಕೇಳಲಿಲ್ಲ. ಕೇಳದಿದ್ದದ್ದೇ ನನಗೆ ಹೆದರಿಕೆ ತಂದಿತು. ಇವರಿಗೆ ನೆನಪು ಬರುತ್ತಿದೆ. ಚೂರುಚೂರಾಗಿ ಜೋಡಿಸಿಕೊಳ್ಳುತ್ತಿದ್ದಾರೆ. ಒಂದು ಬೆಳಿಗ್ಗೆ ಎಲ್ಲ ಕೂಡಿಬಂದು, ನಾನು ಕೆಲಸದಲ್ಲಿದ್ದಾಗ, ನರ್ಸಿನ ಮುಂದೆ ಕುಸಿದು ಕೂರುತ್ತಾರೆ.

ಮರುದಿನ ಭರಣಿಯನ್ನು ತೆರೆಯಲಿಲ್ಲ. ಬ್ರೆಡ್ಡು, ಜಾಮು, ಸಕ್ಕರೆ ಹಾಕಿದ ಹಾಲು ಕೊಟ್ಟೆ. ಸೊಪ್ಪು ತರುವುದನ್ನು ಬಿಟ್ಟೆ. ಬೀದಿ ಕೇಳುವುದನ್ನೂ ಬಿಟ್ಟೆ. ಸಂಜೆಯ ನಡಿಗೆಗೆ ಸುಸ್ತು ಎಂದೆ.

ಇದರಲ್ಲಿ ಯಾವ ವಿಜ್ಞಾನವೂ ಇಲ್ಲವೆಂದು ನನಗೆ ಗೊತ್ತಿತ್ತು. ಹನ್ನೊಂದು ತಿಂಗಳು ತಿಂದದ್ದು ಏನು ಮಾಡಿತ್ತೆಂದು ಯಾರೂ ಅಳೆದು ಹೇಳಲಾರರು. ಅಂಥದ್ದನ್ನು ಒಂದು ವಾರ ನಿಲ್ಲಿಸಿ ಏನು ಅಳಿಸಲು ಸಾಧ್ಯ? ಅವನು ಬದುಕಿದ್ದಷ್ಟು ದಿನ ನಾನು ಈ ಪುಡಿಯನ್ನು ನಂಬಲಿಲ್ಲ. ಅವನು ಹೋದ ಮೇಲೆ, ಅದನ್ನು ನಿಲ್ಲಿಸುವ ಮಟ್ಟಿಗೆ ನಂಬಿದೆ.

ಅತ್ತೆ ಮಂಕಾದರು. ಎರಡು ವಾರ ಕಳೆಯುವಷ್ಟರಲ್ಲಿ ಚಮಚ ಎಲ್ಲೆಂದರಲ್ಲಿ ಇರುತ್ತಿತ್ತು, ಸ್ವೆಟರಿನ ಗುಂಡಿಗಳು ಒಂದೊಂದು ಕಾಜಾ ತಪ್ಪಿರುತ್ತಿದ್ದವು. ಒಂದು ಸಂಜೆ ನಾನು ಬಾಗಿಲು ತೆಗೆದು ಒಳಗೆ ಬಂದಾಗ ಎದ್ದು ನಿಂತು, "ಕೌಂಟರು ಮುಚ್ಚಿದೆ, ನಾಳೆ ಬನ್ನಿ" ಎಂದರು. ಬೀಜ ನಿಂತದ್ದಕ್ಕೆ ಹೀಗಾಯಿತೆಂದು ನಾನು ಹೇಳಲಾರೆ. ದಿನಾ ಬೆಳಿಗ್ಗೆ ಅವರನ್ನು ಪ್ರಶ್ನೆ ಕೇಳಿ, ರೇಗಿಸಿ, ನಗಿಸುತ್ತಿದ್ದವನು ಇಲ್ಲವಾಗಿದ್ದ. ಉಳಿದವಳು ಬ್ರೆಡ್ಡಿನ ತಟ್ಟೆ ಇಟ್ಟು ಬೆನ್ನು ತಿರುಗಿಸುತ್ತಿದ್ದಳು.

ಭಾನುವಾರ ಅತ್ತಿಗೆ ಬಂದರು. ಅಮ್ಮನ ಪಕ್ಕ ಕೂತು, ಉಗುರು ಕತ್ತರಿಸಿ, ಕೈಗೆ ಮುಲಾಮು ಹಚ್ಚಿದರು. ಒಳ್ಳೆಯ ಹೆಂಗಸು ಅವರು. ಇಪ್ಪತ್ತು ನಿಮಿಷ ಕೂತಿದ್ದರೂ ಅತ್ತೆ ಮಗನ ಮಾತು ಎತ್ತಲಿಲ್ಲ. ಅತ್ತಿಗೆ ಅಡುಗೆಮನೆಗೆ ಬಂದು ನನ್ನ ಭುಜ ಹಿಡಿದರು.

"ನೋಡು, ಪೂರ್ತಿ ಮರೆತೇಬಿಟ್ಟಿದ್ದಾಳೆ. ಒಳ್ಳೇದೇ ಆಯ್ತು ಬಿಡು."

ನಾನು ಅವರು ತಂದ ಹಣ್ಣುಗಳನ್ನು ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ. ಅತ್ತೆ ಅವನ ಹೆಸರೆತ್ತಿ ಎಷ್ಟು ದಿನವಾಯಿತೆಂದು ಲೆಕ್ಕ ಹಾಕಿದೆ. ನಾಲ್ಕು ದಿನ. ಗ್ರಂಥಾಲಯದಲ್ಲಿ ಅವನ ಮೇಜಿಗೆ ಆಗಲೇ ಬೇರೆಯವರು ಬಂದಿದ್ದರು. ಅತ್ತಿಗೆಗೆ ಅವರ ಮನೆ, ಮಕ್ಕಳು. ದಿನಾ ಬೆಳಿಗ್ಗೆ ಆರು ಗಂಟೆಗೆ ಅವನನ್ನು ಕಾಯುತ್ತಿದ್ದವರು ಈ ಲೋಕದಲ್ಲಿ ಇಬ್ಬರೇ ಇದ್ದೆವು. ಒಬ್ಬರನ್ನು ನಾನೇ ಜಾಮು ತಿನ್ನಿಸಿ ತಪ್ಪಿಸಿದ್ದೆ.

"ಏನಾಯ್ತೇ?" ಎಂದರು ಅತ್ತಿಗೆ.

"ಏನಿಲ್ಲ."

ಸೋಮವಾರ ಬೆಳಿಗ್ಗೆ ಗಂಜಿ ಕಾಯಿಸಿದೆ. ಕಿಟಕಿಯಿಂದ ಭರಣಿ ಇಳಿಸಿ, ಮೂರು ಚಮಚ ಪುಡಿ ಉದುರಿಸಿ ಅವರ ಮುಂದಿಟ್ಟೆ. ಚಮಚವನ್ನು ಬಲಗಡೆ ನೇರವಾಗಿಟ್ಟೆ.

ಒಂದು ತುತ್ತು ಬಾಯಿಗಿಟ್ಟವರು ಹಾಗೇ ತಡೆದರು. ನುಂಗಲೂ ಇಲ್ಲ, ಉಗುಳಲೂ ಇಲ್ಲ. ಆಮೇಲೆ ಕರವಸ್ತ್ರಕ್ಕೆ ಉಗಿದು, ಅದನ್ನು ಮಡಚಿ ಪಕ್ಕಕ್ಕಿಟ್ಟರು.

"ಕಮಟು."

ನಾನು ಬಟ್ಟಲು ಎತ್ತಿ ಮೂಸಿದೆ. ನನಗೆ ಏನೂ ಬರಲಿಲ್ಲ. ನಾಲಗೆಗೆ ಒಂದು ಚೂರು ಹಾಕಿಕೊಂಡೆ. ಮರದ ಪುಡಿ ತಿಂದ ಹಾಗಿತ್ತು. ಭರಣಿಯತ್ತ ನೋಡಿದೆ. ಮೂರು ವಾರ ಬಿಸಿಲಿನಲ್ಲಿತ್ತು. ಮೂಗು ಬೇಕಿರಲಿಲ್ಲ, ನೋಡಿದರೇ ಸಾಕಿತ್ತು. ಪುಡಿ ಗಾಜಿಗೆ ಎಣ್ಣೆ ಬಿಟ್ಟು ಹಳದಿಗಟ್ಟಿತ್ತು.

"ಇದು ಅವನು ಬೀಸಿದ್ದಲ್ಲ," ಎಂದರು ಅತ್ತೆ. ಅವರ ದನಿ ಬದಲಾಗಿತ್ತು. ಕೌಂಟರಿನ ಹಿಂದಿನ ದನಿ ಹಾಗಿದ್ದಿರಬೇಕು. "ಅವನು ದಿನದ್ದು ದಿನ ಬೀಸ್ತಾನೆ. ಇಟ್ಟಿದ್ದು ಕೊಡೋನಲ್ಲ."

ನಾನು ಭರಣಿಯ ಮುಚ್ಚಳ ಮುಚ್ಚಿದೆ.

"ಅವನೆಲ್ಲಿ?"

ಕೆಲಸ ಎನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಅವರು ಬಟ್ಟಲನ್ನು ನನ್ನ ಕಡೆಗೆ ತಳ್ಳಿ, ಎರಡೂ ಕೈ ಮೇಜಿನ ಮೇಲಿಟ್ಟು ಕಾಯುತ್ತಿದ್ದರು.

"ಅವನು ಹೋಗಿಬಿಟ್ಟ ಅತ್ತೆ."

"ಎಲ್ಲಿಗೆ?"

"ಸತ್ತುಹೋದ. ಕೆಲಸದ ಜಾಗದಲ್ಲೇ. ತಲೆಯೊಳಗೆ ರಕ್ತನಾಳ ಒಡೀತು."

ಆ ವಾಕ್ಯವನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಎಲ್ಲರೂ ನನಗೇ ಹೇಳಿದ್ದರು.

ಅತ್ತೆ ಗೋಡೆಯ ಕಲೆ ನೋಡಿದರು.

"ಯಾವತ್ತು?"

"ಇವತ್ತಿಗೆ ಇಪ್ಪತ್ತಾರು ದಿನ."

"ಇಪ್ಪತ್ತಾರು ದಿನ," ಎಂದರು. "ಇಪ್ಪತ್ತಾರು ದಿನ ಇಟ್ಕೊಂಡಿದ್ದೀಯ. ಅದು ನನ್ನ ಕಾಗದ ಕಣೇ. ನನ್ನ ವಿಳಾಸಕ್ಕೆ ಬಂದಿದ್ದು."

ಕ್ಷಮಿಸಿ ಎಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ಅವರು ಎದ್ದು ಹೋಗಿ ಗಂಜಿಯನ್ನು ಚೆಲ್ಲಿ ಬಟ್ಟಲು ತೊಳೆದರು. ತೊಳೆದದ್ದನ್ನೇ ಮತ್ತೆ ತೊಳೆದರು. ಬೆನ್ನು ನನ್ನ ಕಡೆಗಿತ್ತು. ನಲ್ಲಿ ನಿಲ್ಲಿಸಿದ ಮೇಲೆ ಅವರ ಅಳು ಕೇಳಿಸಿತು. ನಲ್ಲಿ ನಿಂತದ್ದು ಗೊತ್ತಾಗಿ ಮತ್ತೆ ತಿರುವಿದರು.

"ನೋವಾಯ್ತಾ ಅವನಿಗೆ?"

"ಇಲ್ಲ ಅಂದ್ರು."

"ಅಂದ್ರು ಅಂದ್ರೆ?"

"ಡಾಕ್ಟರು."

"ಹೂಂ," ಎಂದರು.

ನಾನು ಆ ದಿನ ಕೆಲಸಕ್ಕೆ ಹೋಗಲಿಲ್ಲ. ಭರಣಿಯ ಪುಡಿಯನ್ನೆಲ್ಲ ಕಸಕ್ಕೆ ಸುರಿದೆ.

ಅತ್ತಿಗೆಗೆ ನಾನೇ ಫೋನು ಮಾಡಿ ಹೇಳಿದೆ. ಅವರು, ನಿನ್ನ ಎದೆಯ ಭಾರ ಇಳಿಸಿಕೊಳ್ಳಲು ಅವಳ ಮೇಲೆ ಹೊರಿಸಿದೆ ಎಂದರು. ಅದು ಸುಳ್ಳೆಂದು ನಾನು ಹೇಳಲಾರದೆ ಹೋದೆ. ಅವರೇ ಫೋನಿಟ್ಟರು.

ಅವರು ಹೆದರಿದ್ದಂತೆಯೇ ಆಯಿತು. ಮಂಗಳವಾರ ಬೆಳಿಗ್ಗೆ ಮೇಜಿನ ಮುಂದೆ ಕೂತ ಅತ್ತೆ, ಅವನೆಲ್ಲಿ ಎಂದರು. ನಾನು ಹೇಳಿದೆ. ಮತ್ತೆ ಅತ್ತರು. ಬುಧವಾರ, ನೀನು ನಿನ್ನೆ ಏನೋ ಹೇಳಿದ್ದೆ, ಕೆಟ್ಟದ್ದು, ಏನದು ಎಂದರು. ಹೇಳಿದೆ. ಗುರುವಾರ ಬರೀ ನನ್ನ ಮುಖ ನೋಡಿದರು, ನಾನು ತಲೆಯಾಡಿಸಿದೆ. ಒಂದೊಂದು ಬೆಳಿಗ್ಗೆಯೂ ಆ ಕಾಗದವನ್ನು ಅವರ ಕೈಗೆ ಕೊಡಬೇಕಿತ್ತು. ಇದನ್ನು ಶುರು ಮಾಡಬಾರದಿತ್ತು ಎಂದು ಎಷ್ಟೋ ಸಲ ಅನಿಸಿತು. ಈಗಲೂ ಕೆಲವೊಮ್ಮೆ ಅನಿಸುತ್ತದೆ.

ಅಂಗಡಿಯಿಂದ ಸ್ವಲ್ಪ ಹೊಸ ಬೀಜ ತಂದಿದ್ದೆ. ಆರು ಗಂಟೆಗೆ ಎದ್ದು ಆ ದಿನಕ್ಕಾಗುವಷ್ಟನ್ನೇ ಬೀಸುತ್ತಿದ್ದೆ. ಸದ್ದಿಗೆ ಅತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಬಂದೆಯೇನೋ ಎಂದು ಯಾರೂ ಕೂಗಲಿಲ್ಲ. ಗಂಜಿ ತಿನ್ನುವಾಗ ಬೀದಿ ಕೇಳುತ್ತಿದ್ದೆ. ಹತ್ತರಲ್ಲಿ ಆರು ಸರಿಯಾಗುತ್ತಿತ್ತು. ಮೇಜು ತಟ್ಟಲು, ಮದುವೆ ನಿಲ್ಲಿಸಲು ನನಗೆ ಬರುತ್ತಿರಲಿಲ್ಲ.

ಮುಂದಿನ ಮಂಗಳವಾರ ಅವರು ಕೂರುವ ಮೊದಲೇ, "ಅವನಿಲ್ಲ" ಎಂದರು. ಪ್ರಶ್ನೆಯಾಗಿರಲಿಲ್ಲ. ನಾನು ಹಿಡಿಕೆ ತಿರುವುವುದನ್ನು ನಿಲ್ಲಿಸಿದೆ.

"ಇದು ಯಾಕೆ ಇನ್ನೂ ಇಲ್ಲಿದೆ?" ಎಂದು ಗಿರಣಿಯನ್ನು ತೋರಿಸಿದರು.

"ಅವನು ತಂದದ್ದಲ್ವಾ ಅತ್ತೆ."

"ತಂದದ್ದು ಹೌದು. ನಮ್ಮದಲ್ಲ. ಬೊಗಸೆಯಕ್ಕ ಒಂದು ವಾರಕ್ಕೆ ಅಂತ ಕೊಟ್ಟಿದ್ದು."

ಬೊಗಸೆಯಕ್ಕನ ಮಾತನ್ನು ಅವನ ಬಾಯಲ್ಲಿ ಕೇಳಿದ್ದೆ. ಬೀಜ ತಂದ ದಿನ, ಇವತ್ತು ಬೊಗಸೆಯಕ್ಕ ಬೈದಳು, ಇವತ್ತು ಬೊಗಸೆಯಕ್ಕ ನಕ್ಕಳು ಎನ್ನುತ್ತಿದ್ದ. ಅವನೇ ಕಟ್ಟಿದ ತಮಾಷೆ ಎಂದುಕೊಂಡಿದ್ದೆ. ಅವನು ಗಿರಣಿಯನ್ನು ಕೊಂಡು ತಂದಿದ್ದಾನೆ ಎಂದೇ ಹನ್ನೊಂದು ತಿಂಗಳು ತಿಳಿದಿದ್ದೆ. ಅದನ್ನು ತಿರುಗಿಸಿ ತಳ ನೋಡಿದೆ. ಗುರುತು, ಹೆಸರು ಏನೂ ಇರಲಿಲ್ಲ. ಅತ್ತೆಯ ನೆನಪು ಎರಡು ಬೇರೆ ಬೇರೆ ಕಾಗದಗಳನ್ನು ಒಂದೇ ಗೂಡಿಗೆ ಹಾಕಿರಬಹುದು. ಹಾಗಾಗುವುದುಂಟು.

"ಅಂಗಡಿ ಎಲ್ಲಿದೆ ಅಂತ ಹೇಳಿದ್ದನಾ?"

"ಅವನೇನು ಹೇಳೋದು? ಮೂರನೇ ಸಾಲು, ಒಂಬತ್ತನೇ ಗೂಡು. ತೊಟ್ಟಿ ಗಲ್ಲಿ. ಬಾ, ತೋರಿಸ್ತೀನಿ."

ಶನಿವಾರ ಮಧ್ಯಾಹ್ನ ಇಬ್ಬರೂ ಹೊರಟೆವು. ಗಿರಣಿಯನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಚಿಕ್ಕದಾದರೂ ಕಬ್ಬಿಣ, ಭುಜ ಜಗ್ಗುತ್ತಿತ್ತು. ಅತ್ತೆ ನನ್ನ ಇನ್ನೊಂದು ತೋಳು ಹಿಡಿದು, ನನಗಿಂತ ಅರ್ಧ ಹೆಜ್ಜೆ ಮುಂದೆ ನಡೆದರು. ಬೀದಿ ದಾಟಿದಾಗಲೆಲ್ಲ ಗೂಡು ಹೇಳುತ್ತಿದ್ದರು. ಒಂದು ಕಡೆ ತಪ್ಪಿದರು. ಹಳೆಯ ಕಟ್ಟಡ ಕೆಡವಿ ವಾಹನ ನಿಲ್ಲಿಸುವ ಬಯಲು ಮಾಡಿದ್ದ ಜಾಗದಲ್ಲಿ ನಿಂತುಬಿಟ್ಟು, ಇಲ್ಲಿ ಒಂದು ಬೀದಿ ಇತ್ತು, ಎಲ್ಲಿ ಹೋಯಿತು ಎಂದು ನನ್ನನ್ನೇ ಗದರಿದರು. ಅವರ ಹಿಡಿತ ಬಿಗಿಯಾಯಿತು. ವಾಪಸ್ಸು ಹೋಗೋಣ್ವಾ ಎಂದೆ. ಬೇಡ ಎಂದರು. ಕಣ್ಣು ಮುಚ್ಚಿ ಬಲಗೈಯನ್ನು ಗಾಳಿಯಲ್ಲಿ ಎತ್ತಿ, ಇಲ್ಲದ ಗೂಡುಗಳಿಗೆ ಇಲ್ಲದ ಕಾಗದಗಳನ್ನು ಹಾಕುವಂತೆ ಮೂರು ನಾಲ್ಕು ಸಲ ಆಡಿಸಿದರು. ಹೋಗುವವರು ತಿರುಗಿ ನೋಡಿದರು.

"ಎಡಕ್ಕೆ," ಎಂದರು.

ಎಡಕ್ಕೆ ತೊಟ್ಟಿ ಗಲ್ಲಿ. ಮೂರನೇ ಬಾಗಿಲು ಬೀಜದ ಅಂಗಡಿ.

ನೆಲದಿಂದ ಮಾಳಿಗೆಯವರೆಗೆ ಹಲಗೆಗಳು, ತವರದ ಡಬ್ಬಿಗಳು. ಬೀಜದ ಚೀಲಗಳನ್ನು ಬೆಳಕು ಬೀಳದ ಹಿಂಬದಿಯಲ್ಲಿ ಇಟ್ಟಿದ್ದರು. ಅದು ನನ್ನ ಕಣ್ಣಿಗೆ ಮೊದಲು ಬಿತ್ತು. ಐವತ್ತು ದಾಟಿದ ಅಗಲವಾದ ಹೆಂಗಸು ಗಿರಾಕಿಯೊಬ್ಬರಿಗೆ ಅಳೆದು ಕೊಟ್ಟು, ಅದರ ಮೇಲೆ ಎರಡೂ ಕೈ ಕೂಡಿಸಿ ಒಂದು ಬೊಗಸೆ ಹೆಚ್ಚು ಹಾಕಿದರು. ಹೆಸರು ಹೇಗೆ ಬಂತೆಂದು ತಿಳಿಯಿತು.

ನಾನು ಚೀಲದಿಂದ ಗಿರಣಿ ತೆಗೆದು ಟವೆಲು ಬಿಚ್ಚಿದೆ. ಆಕೆ ಅದನ್ನು ನೋಡಿದರು. ಆಮೇಲೆ ನನ್ನನ್ನು.

"ಓ," ಎಂದರು. "ನೀವೇನಾ ಮೂಗು?"

ತಲೆಯಾಡಿಸಿದೆ.

"ನಮ್ಮನೇಲಿ ಒಂದು ಮೂಗಿದೆ ಬೊಗಸೆಯಕ್ಕ, ಹಳೇದು ಕೊಟ್ರೆ ಹಿಡಿದುಬಿಡುತ್ತೆ ಅಂತ ಹೆದರಿಸ್ತಿದ್ದ. ಆ ಮೂಗಿಗೆ ಹೆದರಿ ನಾನು ಅವನಿಗೆ ಹೊಸ ಚೀಲ ಬಿಚ್ಚಿ ಕೊಡ್ತಿದ್ದೆ." ನಗಲು ಹೊರಟವರು ನನ್ನ ಮುಖ ಕಂಡು ನಿಲ್ಲಿಸಿದರು. "ಒಂದು ತಿಂಗಳಾಯ್ತು, ಬರ್ಲಿಲ್ಲ. ಊರಲ್ಲಿಲ್ವೇನೋ ಅಂದ್ಕೊಂಡಿದ್ದೆ."

ನಾನು ಬಾಯಿ ತೆರೆದೆ. ಅತ್ತೆ ನನ್ನ ತೋಳು ಒತ್ತಿದರು.

"ನನ್ನ ಮಗ ಸತ್ತುಹೋದ," ಎಂದರು. "ಕೆಲಸದ ಜಾಗದಲ್ಲಿ. ನೋವಾಗಲಿಲ್ವಂತೆ, ಡಾಕ್ಟರು ಹೇಳಿದ್ರು."

ಒಂದು ಅಕ್ಷರ ತಪ್ಪಿರಲಿಲ್ಲ.

ಬೊಗಸೆಯಕ್ಕ ಅಳತೆಯ ಪಾತ್ರೆ ಕೆಳಗಿಟ್ಟು, ಹೊರಬಂದು ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿದರು. ಆ ಗಿರಣಿ ತಮ್ಮ ತಾಯಿಯದ್ದೆಂದೂ, ಆಕೆಗೂ ಕೊನೆಗೆ ಹೀಗೇ ಮರೆವಾಗಿತ್ತೆಂದೂ, ಅವನು ಬಂದು ಅಮ್ಮನ ಕಥೆ ಹೇಳಿದಾಗ ಒಂದು ವಾರ ನೋಡು ಎಂದು ತಾವೇ ಕೊಟ್ಟದ್ದೆಂದೂ ಹೇಳಿದರು. ಅವನು ಬಂದಾಗಲೆಲ್ಲ ಮುಂದಿನ ವಾರ ಖಂಡಿತ ತಂದುಕೊಡ್ತೀನಿ ಎನ್ನುತ್ತಿದ್ದನಂತೆ.

"ಇಟ್ಕೊಳ್ಳಿ," ಎಂದು ಗಿರಣಿಯನ್ನು ನನ್ನ ಕಡೆಗೆ ತಳ್ಳಿದರು. "ನಿಮ್ಮ ಕೆಲಸ ಮುಗಿದಿಲ್ಲವಲ್ಲ."

"ಬೇಡ," ಎಂದರು ಅತ್ತೆ. "ಇದಕ್ಕೆ ವಿಳಾಸ ಇದೆ."

"ಹಾಗಿದ್ರೆ ನಾಳೆಗೇನು ಮಾಡ್ತೀರಿ?"

ಮನೆಯಲ್ಲಿ ಕುಟ್ಟಾಣಿ ಇದೆ ಎಂದೆ. ದಿನದ್ದು ದಿನ ಕುಟ್ಟಿಕೊಳ್ಳುತ್ತೇವೆ ಎಂದೆ. ಒಂದು ವಾರಕ್ಕಾಗುವಷ್ಟು ಅಕ್ರೋಟು, ಅಗಸೆ ಕೇಳಿದೆ. ಹೆಚ್ಚು ಬೇಡ ಎಂದೆ. ಆಕೆ ಹಿಂಬದಿಗೆ ಹೋಗಿ ಹೊಸ ಚೀಲ ಬಿಚ್ಚಿ ತಂದರು. ಅಂಗೈಯಲ್ಲಿ ನಾಲ್ಕು ಅಕ್ರೋಟು ಹಿಡಿದು ನನ್ನ ಮೂಗಿನ ಹತ್ತಿರ ಒಡ್ಡಿದರು, ಅವನ ಮಾತು ನಿಜವೇ ಎಂದು ನೋಡುವವರಂತೆ. ನಾನು ಬಗ್ಗಿ ಮೂಸಿದೆ. ಅಂಗೈಯ ಬಿಸಿ ತಾಗಿತು, ಅಷ್ಟೇ.

ಅತ್ತೆ ಒಂದನ್ನು ತೆಗೆದುಕೊಂಡು ಕಚ್ಚಿದರು.

"ಚೆನ್ನಾಗಿದೆ," ಎಂದು ನನಗೆ ಹೇಳಿದರು.

ಬೊಗಸೆಯಕ್ಕ ಗಿರಣಿಯ ಖಾನೆಯನ್ನು ಎಳೆದು, ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿದರು. ಹಿಂದಿನ ಗೋಡೆಯತ್ತ ಕೈ ತೋರಿಸಿ, ನೀವೇ ಇಟ್ಟುಬಿಡಿ ಎಂದರು. ಡಬ್ಬಿಗಳು ಎಲ್ಲ ಹಲಗೆಗಳಲ್ಲೂ ಒತ್ತೊತ್ತಾಗಿ ನಿಂತಿದ್ದವು. ಒಂದೇ ಒಂದು ಕಡೆ, ನನ್ನ ಎದೆಯ ಎತ್ತರಕ್ಕೆ, ಎರಡು ಡಬ್ಬಿಗಳ ನಡುವೆ ಒಂದು ಗೇಣಗಲ ಜಾಗ ಖಾಲಿಯಿತ್ತು. ಅಲ್ಲಿಯ ಮರ ಉಳಿದ ಹಲಗೆಗಿಂತ ತಿಳಿಬಣ್ಣದ್ದಾಗಿತ್ತು.

ಗಿರಣಿಯನ್ನು ಎತ್ತಿ ಅಲ್ಲಿಟ್ಟೆ. ಹಿಡಿಕೆ ಡಬ್ಬಿಗೆ ತಗುಲುತ್ತಿತ್ತು. ಗೋಡೆಯ ಕಡೆಗೆ ತಿರುಗಿಸಿದೆ.

"ಎರಡನೇ ಸಾಲು," ಎಂದರು ಅತ್ತೆ ಹಿಂದಿನಿಂದ, ಅಗಿಯುತ್ತ. "ನಾಲ್ಕನೇ ಗೂಡು."